ಭಾನುವಾರದ ಬುತ್ತಿಯೂಟ: ಡಿವೈಎಫ್‌ಐ ಘಟಕದ ಎಲ್ಲರ ಗಮನಕ್ಕೆ

ಸಂಗಾತಿಗಳೇ, ಲಾಲ್ ಸಲಾಂ.

ಹೃದಯಪೂರ್ವಂ, ಅಂದರೆ ನಮ್ಮ ಯುವಜನ ಸಂಘಟನೆ ಡಿವೈಎಫ್‌ಐ ಮನೆಗಳಿಂದ ಬುತ್ತಿ ಸಂಗ್ರಹಿಸಿ ಆಸ್ಪತ್ರೆಯಲ್ಲಿ ಹಂಚುವ ಊಟ, ಈ ಭಾನುವಾರ ನಮ್ಮ ಘಟಕದ ಸರದಿ. ಒಟ್ಟು 150 ಪೊಟ್ಟಣ ಬೇಕು. ಮನೆ ಮನೆಗೆ ಹೇಳುವ ಕೆಲಸ ಶುಕ್ರವಾರ ಸಂಜೆಯೊಳಗೆ ಮುಗಿಯಲಿ. ಒಂದು ಮನೆಗೆ ಎರಡು ಪೊಟ್ಟಣ ಸಾಕು, ಹೆಚ್ಚು ಒತ್ತಾಯ ಬೇಡ.

ಮನೆಯವರಿಗೆ ಇಷ್ಟನ್ನು ತಪ್ಪದೆ ತಿಳಿಸಿ. ಬಾಳೆಲೆಯನ್ನು ಬೆಂಕಿಗೆ ಹಿಡಿದು ಬಾಡಿಸಬೇಕು; ಹಸಿ ಎಲೆ ಮಡಚುವಾಗಲೇ ಸೀಳುತ್ತದೆ. ಅನ್ನದ ಬಿಸಿ ಆರಿದ ಮೇಲೆಯೇ ಕಟ್ಟಬೇಕು. ಬಿಸಿ ಅನ್ನ ಕಟ್ಟಿದರೆ ಒಳಗೆ ನೀರಾಡಿ, ಮಧ್ಯಾಹ್ನದೊಳಗೆ ಹಳಸುತ್ತದೆ. ಪಲ್ಯ, ಉಪ್ಪಿನಕಾಯಿ, ಗಟ್ಟಿ ಚಟ್ನಿ ಸಾಕು. ಸಾರು, ತೆಂಗಿನಹಾಲಿನ ಪದಾರ್ಥ ಬೇಡ, ಸೋರುತ್ತದೆ, ಬೇಗ ಹುಳಿಯಾಗುತ್ತದೆ. ಪೇಪರ್ ಹೊರಗಡೆ ಮಾತ್ರ, ಅದರ ಮಸಿ ಅನ್ನಕ್ಕೆ ತಾಗಬಾರದು. ಮೀನು, ಮೊಟ್ಟೆ ಇದ್ದರೆ ಕೆಂಪು ದಾರ ಕಟ್ಟಲಿ.

ಬೆಳಿಗ್ಗೆ 10ಕ್ಕೆ ಸಂಗ್ರಹ ಶುರು, 11ಕ್ಕೆ ವಾಹನ ಹೊರಡುತ್ತದೆ. ಪೆಟ್ಟಿಗೆಯಲ್ಲಿ ಮೂರು ಸಾಲಿಗಿಂತ ಮೇಲೆ ಪೇರಿಸಬೇಡಿ, ಅಡಿಯವು ಒಡೆಯುತ್ತವೆ.

2017ರಲ್ಲಿ ತಿರುವನಂತಪುರದ ಮೆಡಿಕಲ್ ಕಾಲೇಜಿನಲ್ಲಿ ಆರಂಭವಾದ ಈ ಕೆಲಸ ರೋಗಿಗಳ ಜೊತೆ ನಿಂತವರಿಗೂ ಸೇರಿದ್ದು. ಆಸ್ಪತ್ರೆಯಲ್ಲಿ ಅವರನ್ನೇ ಹೆಚ್ಚಾಗಿ ಮರೆಯುತ್ತೇವೆ. ಯಾರ ಪಕ್ಷ, ಯಾವ ಜಾತಿ ಎಂದು ಕೇಳಬೇಡಿ. ಊಟ ಪಡೆಯುವವರ ಫೋಟೊ ಖಂಡಿತ ತೆಗೆಯಬೇಡಿ.

ಸಂಗ್ರಹಕ್ಕೆ ಎಂಟು ಜನ, ವಿತರಣೆಗೆ ಆರು ಜನ ಬೇಕು. ಬರುವವರು ಹೆಸರು, ತಮ್ಮ ಭಾಗದ ಪೊಟ್ಟಣಗಳ ಲೆಕ್ಕ ಎರಡನ್ನೂ ಶನಿವಾರ ಸಂಜೆ 6ರೊಳಗೆ ಇಲ್ಲೇ ಹಾಕಿ. ಲೆಕ್ಕ ಕಡಿಮೆ ಬಿದ್ದರೆ ಪಕ್ಕದ ಘಟಕಕ್ಕೆ ರಾತ್ರಿಯೇ ಹೇಳಬೇಕಾಗುತ್ತದೆ.