ಬೆರೆಕುಸೊ ಬೆಟ್ಟದಿಂದ ಅಪ್ಪನವರಿಗೆ

ತೀರ್ಥರೂಪು ಅಪ್ಪನವರಿಗೆ ಮಗಳು ಮಾಡುವ ಭಕ್ತಿಪೂರ್ವಕ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನೀವೂ ಅಮ್ಮನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಕಂಪ್ಯೂಟರ್ ಕಲಿಸಲು ಹೋದವಳು ಹಳ್ಳಿ, ಇತಿಹಾಸ ಎಂದೆಲ್ಲ ಏಕೆ ಬರೆಯುತ್ತೀಯೆ ಎಂದು ಕಳೆದ ಸಲ ಫೋನಿನಲ್ಲಿ ಕೇಳಿದಿರಿ. ಅದಕ್ಕೆ ಉತ್ತರವಾಗಿ ಈ ಕಾಗದ.

ನಾನು ಪಾಠ ಮಾಡುತ್ತಿರುವ ಅಶೇಸಿ ವಿಶ್ವವಿದ್ಯಾಲಯವನ್ನು ಕಟ್ಟಿದವರು ಪ್ಯಾಟ್ರಿಕ್ ಅವುವಾ. ಅಮೆರಿಕದಲ್ಲಿ ಓದಿ, ಮೈಕ್ರೋಸಾಫ್ಟ್‌ನಲ್ಲಿ ಎಂಜಿನಿಯರ್ ಆಗಿದ್ದ ಅವರು ತಾಯ್ನಾಡಾದ ಘಾನಾಕ್ಕೆ ಮರಳಿ, 2002ರಲ್ಲಿ ಅಕ್ರಾ ನಗರದ ಬಾಡಿಗೆ ಮನೆಯೊಂದರಲ್ಲಿ 30 ವಿದ್ಯಾರ್ಥಿಗಳೊಂದಿಗೆ ಇದನ್ನು ಆರಂಭಿಸಿದರು. 2011ರಲ್ಲಿ ಅದು ಈ ಬೆರೆಕುಸೊ ಬೆಟ್ಟಕ್ಕೆ ಬಂದಿತು. ಅಕಾನ್ ಭಾಷೆಯಲ್ಲಿ ಅಶೇಸಿ ಎಂದರೆ ಆರಂಭವೆಂದೇ ಅರ್ಥ. ವ್ಯವಹಾರ ಆಡಳಿತಕ್ಕೆ ಸೇರಿದವರಾಗಲಿ, ಕಂಪ್ಯೂಟರ್ ವಿಜ್ಞಾನಕ್ಕೆ ಸೇರಿದವರಾಗಲಿ, ಎಂಜಿನಿಯರಿಂಗ್‌ಗೆ ಸೇರಿದವರಾಗಲಿ, ಬರವಣಿಗೆ ಮತ್ತು ಭಾಷಣ, ಪಠ್ಯ ಮತ್ತು ಅರ್ಥ, ಆಫ್ರಿಕಾ ಅಧ್ಯಯನ, ಮೊದಲ ವರ್ಷದ ವಿನ್ಯಾಸ ಮತ್ತು ಉದ್ಯಮಶೀಲತೆ, ಇವುಗಳ ಜೊತೆಗೆ ನಾಲ್ಕು ಹಂತಗಳ ನಾಯಕತ್ವದ ಸಂವಾದ ತರಗತಿಗಳನ್ನು ಎಲ್ಲರೂ ಓದಲೇಬೇಕು. ಆ ನಾಲ್ಕನೆಯ ಹಂತದಲ್ಲಿ ಸೇವೆಯೂ ಪಾಠದೊಳಗೇ ಸೇರಿದೆ.

ಇದನ್ನು ಕೇಳಿದೊಡನೆ ನಿಮಗೆ ಎನ್ನೆಸ್ಸೆಸ್ ನೆನಪಾಗಬಹುದು. ನೀವು ಕಾರ್ಯಕ್ರಮಾಧಿಕಾರಿಯಾಗಿದ್ದಾಗ ಏಳು ದಿನದ ಶಿಬಿರಕ್ಕೆ ಹುಡುಗರನ್ನು ಕರೆದೊಯ್ದು ರಸ್ತೆ, ಚರಂಡಿ ಮಾಡಿಸುತ್ತಿದ್ದಿರಿ. ಹಿಂತಿರುಗಿದ ಮೇಲೆ ಗಣಿತ ಗಣಿತವಾಗಿ, ಶಿಬಿರ ಶಿಬಿರವಾಗಿ ಬೇರೆಯೇ ಉಳಿಯುತ್ತಿದ್ದವು. ಇಲ್ಲಿ ಹಳ್ಳಿಯಲ್ಲಿ ಕಂಡದ್ದನ್ನು ತರಗತಿಗೆ ತಂದು, ತಾವು ಮಾಡಿದ್ದು ಯಾರಿಗೆ ನೆರವಾಯಿತು, ಯಾರನ್ನು ಕೇಳಿ ಮಾಡಿದೆವು ಎಂದು ಬರೆದು ಚರ್ಚಿಸಬೇಕಾಗುತ್ತದೆ. ನನಗೆ ಬಹಳ ಹಿಡಿಸಿದ್ದು ಇದೇ.

ಈ ಪಾಠ ನನಗೂ ಬೇಕಿತ್ತು, ಅಪ್ಪ. ಬೆಟ್ಟದ ಕೆಳಗಿನ ಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಕಲಿಸೋಣವೆಂದು ನನ್ನ ವಿದ್ಯಾರ್ಥಿಗಳಿಗೆ ಸೂಚಿಸಿದವಳು ನಾನೇ. ಮೊದಲು ಅಲ್ಲಿನ ಉಪಾಧ್ಯಾಯಿನಿಯ ಬಳಿ ಕುಳಿತು ಮಾತಾಡಿ ಬರುತ್ತೇವೆಂದು ಅವರು ಹೋದರು. ಮನೆಯಲ್ಲಿ ಇಲ್ಲಿನ ಟ್ವಿ ಭಾಷೆ ಮಾತಾಡುವ ಮಕ್ಕಳು ಇಂಗ್ಲಿಷ್ ಪುಸ್ತಕದ ಒಂದು ಪುಟ ಓದಲು ತಡವರಿಸುತ್ತಾರೆ, ಜೊತೆಗೆ ಕುಳಿತು ಓದಿಸುವವರು ಬೇಕು ಎಂದು ಆಕೆ ಹೇಳಿದರಂತೆ. ಕಂಪ್ಯೂಟರಿನ ಯೋಚನೆ ಅಲ್ಲಿಗೇ ನಿಂತಿತು. ಈಗ ವಾರಕ್ಕೆ ಎರಡು ಮಧ್ಯಾಹ್ನ ನನ್ನ ವಿದ್ಯಾರ್ಥಿಗಳು ಟ್ವಿಯಲ್ಲಿ ಕಥೆ ಹೇಳಿ, ಅದನ್ನೇ ಇಂಗ್ಲಿಷಿನಲ್ಲಿ ಓದಿಸುತ್ತಾರೆ. ಕೇಳುವ ತಾಳ್ಮೆಯನ್ನು ಅವರಿಗೆ ಕಲಿಸಿದ್ದು ನನ್ನ ಪ್ರೋಗ್ರಾಮಿಂಗ್ ಪಾಠವಲ್ಲ, ಎಲ್ಲರೂ ಓದಲೇಬೇಕಾದ ಆ ತರಗತಿಗಳು ಎಂದು ನಾನು ದೃಢವಾಗಿ ನಂಬುತ್ತೇನೆ.

ಶಿಬಿರದಲ್ಲಿ ನೀವು ಹುಡುಗರಿಂದ ಬರೆಸುತ್ತಿದ್ದ ದಿನಚರಿಗಳು ಇನ್ನೂ ಅಟ್ಟದ ಮೇಲಿರಬೇಕು. ತಮ್ಮನಿಗೆ ಹೇಳಿ ಕೆಲವು ಪುಟಗಳ ಫೋಟೋ ತೆಗೆಸಿ ಕಳುಹಿಸಿರಿ. ಅವುಗಳನ್ನು ಅನುವಾದಿಸಿ ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳಬೇಕೆಂದಿದ್ದೇನೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿರಿ.

ಇಂತಿ,
ನಿಮ್ಮ ಪ್ರೀತಿಯ ಮಗಳು