ಹಳೆಯ ಮಂಡಲ ಪಂಚಾಯಿತಿಯ ಪುಸ್ತಕಗಳನ್ನು ಉಳಿಸಿಕೊಡಿ ಎಂದು ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು, ಸದಸ್ಯರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಾರ್ಯಾಲಯ,
ಗುಂಡ್ಲುಪೇಟೆ ತಾಲ್ಲೂಕು, ಚಾಮರಾಜನಗರ ಜಿಲ್ಲೆ.

ಇವರಿಂದ,
ಹಿಂದಿನ ಮಂಡಲ ಪಂಚಾಯಿತಿಗೆ ಸೇರಿದ್ದ ಹಳ್ಳಿಗಳ ನಿವಾಸಿಗಳು.

ವಿಷಯ: 1987ರಿಂದ 1993ರವರೆಗಿನ ಮಂಡಲ ಪಂಚಾಯಿತಿಯ ನಡಾವಳಿ ಪುಸ್ತಕ, ಕಂದಾಯ ರಿಜಿಸ್ಟರ್ ಮುಂತಾದ ದಾಖಲೆಗಳನ್ನು ಕಾಪಾಡುವ ಬಗ್ಗೆ.

ಮಾನ್ಯರೇ,

ಕಳೆದ ಗ್ರಾಮಸಭೆಯಲ್ಲಿ ಹಳೆಯ ಕಚೇರಿ ಕೆಡವಿ ಹೊಸ ಕಟ್ಟಡ ಕಟ್ಟುವ ಮಾತು ಬಂತು. ನಾವೆಲ್ಲ ಒಪ್ಪಿದ್ದೇವೆ. ಹೆಂಚು ಒಡೆದಿದೆ, ಮಳೆ ಬಂದರೆ ಮೇಜಿನ ಮೇಲೇ ನೀರು. ಹೊಸದು ಬೇಕೇ ಬೇಕು. ಆ ಕಟ್ಟಡವನ್ನು ಉಳಿಸಿ ಅಂತ ನಾವು ಕೇಳುತ್ತಿಲ್ಲ. ಅದರ ಹಿಂದಿನ ಕೋಣೆಯಲ್ಲಿರುವ ಕಬ್ಬಿಣದ ಬೀರು ಮತ್ತು ಅದರ ಪಕ್ಕದ ಗೋಣಿಚೀಲಗಳ ಬಗ್ಗೆ ಮಾತ್ರ ಈ ಮನವಿ.

ಆ ಚೀಲಗಳಲ್ಲಿ ಇರುವುದು ನಮ್ಮ ಮಂಡಲ ಪಂಚಾಯಿತಿಯ ಪುಸ್ತಕಗಳು. ಮೀಟಿಂಗಿನ ನಡಾವಳಿ, ಮನೆ ಕಂದಾಯದ ಡಿಮ್ಯಾಂಡ್ ರಿಜಿಸ್ಟರ್, ಕೂಲಿ ಕೆಲಸದ ಹಾಜರಿ ಪಟ್ಟಿಯಾದ ಎನ್‌.ಎಂ.ಆರ್., ಬೋರ್‌ವೆಲ್ ಕೇಳಿ ಜನ ಬರೆದ ಅರ್ಜಿಗಳು. ಕೆಲವಕ್ಕೆ ಆಗಲೇ ಗೆದ್ದಲು ಹಿಡಿದಿದೆ. "ಇವೆಲ್ಲ ಹಳೇ ಪೇಪರ್, ತೂಕಕ್ಕೆ ಹಾಕಿದ್ರಾಯ್ತು" ಎಂಬ ಮಾತು ಅವತ್ತು ನಮ್ಮ ಕಿವಿಗೆ ಬಿತ್ತು. ಯಾರು ಹೇಳಿದರು ಅನ್ನುವುದು ಮುಖ್ಯವಲ್ಲ. ಆ ಮಾತು ಕೇಳಿ ಸುಮ್ನೆ ಕೂರಲು ನಮಗೆ ಆಗಲಿಲ್ಲ.

ಇಂದಿನ ಸದಸ್ಯರಲ್ಲಿ ಬಹಳ ಜನ ಚಿಕ್ಕ ವಯಸ್ಸಿನವರು. ಮಂಡಲ ಪಂಚಾಯಿತಿ ಅಂದರೆ ಏನಿತ್ತು ಅಂತ ಕೇಳಿ ತಿಳಿದಿರಬಹುದು, ನೋಡಿರಲಿಕ್ಕಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ನಮ್ಮಲ್ಲಿ ಇದ್ದದ್ದು 1959ರ ಕಾಯ್ದೆಯ ಗ್ರಾಮ ಪಂಚಾಯಿತಿ. ಊರಿಗೆ ಒಬ್ಬರು ಛೇರ್ಮನ್, ಮೇಲೆ ತಾಲ್ಲೂಕು ಅಭಿವೃದ್ಧಿ ಮಂಡಳಿ. ಜನ ಅದನ್ನು ತಾಲ್ಲೂಕು ಬೋರ್ಡ್ ಅಂತಲೇ ಕರೆಯುತ್ತಿದ್ದರು. ಪಂಚಾಯಿತಿ ಚಿಕ್ಕದು, ಅದಕ್ಕಿದ್ದ ದುಡ್ಡೂ ಚಿಕ್ಕದು. ಒಂದು ಬೀದಿ ದೀಪ ಹಾಕಿಸಬೇಕಾದರೂ ತಾಲ್ಲೂಕಿಗೆ ಅಲೆಯಬೇಕಿತ್ತು. 1978ರಲ್ಲಿ ಅಶೋಕ್ ಮೆಹ್ತಾ ಸಮಿತಿ, ಹಲವು ಹಳ್ಳಿ ಸೇರಿಸಿ ಒಂದು ಮಂಡಲ ಮಾಡಿ, ಜಿಲ್ಲೆಗೆ ಒಂದು ಬಲವಾದ ಪರಿಷತ್ತು ಕೊಡಿ ಎಂದು ಕೇಂದ್ರಕ್ಕೆ ಹೇಳಿತ್ತು. ಅದನ್ನು ಮನಸ್ಸಿಟ್ಟು ಜಾರಿಗೆ ತಂದ ರಾಜ್ಯಗಳಲ್ಲಿ ನಮ್ಮದು ಮುಂದಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರಲ್ಲಿ ಮಸೂದೆ ತಂದಿತು, 1985ರಲ್ಲಿ ಅದು ಕಾಯ್ದೆಯಾಗಿ ಜಾರಿಗೆ ಬಂತು, 1987ರ ಜನವರಿಯಲ್ಲಿ ಚುನಾವಣೆ ಆಯಿತು.

ಇದರ ಹಿಂದೆ ಇದ್ದವರು ಅಬ್ದುಲ್ ನಜೀರ್ ಸಾಬ್. ನಮ್ಮ ಗುಂಡ್ಲುಪೇಟೆಯವರೇ. ಬರಗಾಲದ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ಪ್ರೀತಿಯಿಂದ 'ನೀರ್ ಸಾಬ್' ಅಂದರು. ಈಗಲೂ ನಮ್ಮ ಹಿರಿಯರು ಹಾಗೇ ಅನ್ನುತ್ತಾರೆ. ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿ ಅವರು ನೀರು ಕೊಟ್ಟಷ್ಟಕ್ಕೇ ನಿಲ್ಲಲಿಲ್ಲ, ಆಡಳಿತವನ್ನೂ ಹಳ್ಳಿಗೆ ತಂದರು. 1988ರಲ್ಲಿ ಅವರು ತೀರಿಕೊಂಡರು. ಮಂಡಲಗಳು ಆಗ ಎರಡು ವರ್ಷವನ್ನೂ ಪೂರೈಸಿರಲಿಲ್ಲ. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯದ ಸಂಸ್ಥೆಗೆ ಇವತ್ತು ಅವರದೇ ಹೆಸರಿದೆ. ಅವರ ಸ್ವಂತ ತಾಲ್ಲೂಕಿನಲ್ಲೇ ಅವರು ಕಟ್ಟಿದ ಪಂಚಾಯಿತಿಯ ಪುಸ್ತಕ ರದ್ದಿಗೆ ಹೋದರೆ ನಾವು ತಲೆ ಎತ್ತುವುದು ಹೇಗೆ ಹೇಳಿ.

ಮಂಡಲ ಅಂದರೆ 8,000ದಿಂದ 12,000 ಜನರ ಹಳ್ಳಿಗುಂಪು. ರಾಜ್ಯದಲ್ಲಿ ಅಂಥವು ಸುಮಾರು 2,500 ಇದ್ದವು. ಮುಖ್ಯಸ್ಥರಿಗೆ ಪ್ರಧಾನ, ಅವರ ನಂತರದವರಿಗೆ ಉಪಪ್ರಧಾನ ಎಂಬ ಹೆಸರು. ನಮ್ಮ ಕಡೆ ಇವತ್ತಿಗೂ ಒಂದು ಮನೆಗೆ 'ಪ್ರಧಾನರ ಮನೆ' ಅಂತಲೇ ಹೆಸರು. ಚಿಕ್ಕ ಮಕ್ಕಳಿಗೆ ಅದು ಯಾಕೆ ಅಂತ ಗೊತ್ತಿಲ್ಲ. ಮೇಲೆ ಜಿಲ್ಲಾ ಪರಿಷತ್ತು, ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಆಗ ನಮ್ಮದು ಮೈಸೂರು ಜಿಲ್ಲೆ. ಚಾಮರಾಜನಗರ ಬೇರೆ ಜಿಲ್ಲೆ ಆದದ್ದು 1997ರಲ್ಲಿ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಹೆಣ್ಣುಮಕ್ಕಳದು. ಆ ಕಾಯ್ದೆ ನೂರಕ್ಕೆ 25 ಸ್ಥಾನ ಮಹಿಳೆಯರಿಗೆ ಇಟ್ಟಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಕನಿಷ್ಠ 18. ಸಂವಿಧಾನದ 73ನೇ ತಿದ್ದುಪಡಿ ಬಂದು ಇಡೀ ದೇಶದ ಪಂಚಾಯಿತಿಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಅಂತ ಆದದ್ದು 1993ರಲ್ಲಿ. ಅಂದರೆ ಆರು ವರ್ಷ ಮೊದಲೇ ನಮ್ಮ ಹಳ್ಳಿಗಳಲ್ಲಿ ಹೆಂಗಸರು ಪಂಚಾಯಿತಿಯ ಬೆಂಚಿನ ಮೇಲೆ ಕೂತಿದ್ದರು.

ಆಗ ಗೆದ್ದವರಲ್ಲಿ ಒಬ್ಬರು ಅಜ್ಜಿ ಈಗಲೂ ನಮ್ಮ ನಡುವೆ ಇದ್ದಾರೆ. ಕೂಲಿ ಮಾಡಿಕೊಂಡಿದ್ದವರು. ಅವರಿಗೆ ಓದು ಬರಹ ಇರಲಿಲ್ಲ. ಮೊದಲ ಮೀಟಿಂಗಿನಲ್ಲಿ ಬಾಗಿಲ ಹತ್ತಿರ ನೆಲದ ಮೇಲೆ ಕೂತರಂತೆ. ಕಾರ್ಯದರ್ಶಿಯವರು ಎದ್ದು ಬಂದು, "ಅಮ್ಮಾ, ನೀವು ಮೆಂಬರು, ಕುರ್ಚಿ ಮೇಲೆ ಕೂತ್ಕೊಳಿ" ಅಂದರಂತೆ. ಮೂರನೇ ಮೀಟಿಂಗಿಗೆ ಅವರು ತಮ್ಮ ಕೇರಿಗೆ ಕೈಪಂಪು ಬೇಕು ಅಂತ ಕೇಳಿದರು. ಪಂಪು ಬಂತು. ಅದು ಈಗ ಕೆಟ್ಟು ನಿಂತಿದೆ, ಆದರೆ ಅದರ ಸಿಮೆಂಟ್ ಕಟ್ಟೆ ಇನ್ನೂ ಇದೆ. ತಾವು ಹೆಬ್ಬೆಟ್ಟು ಒತ್ತಿದ ನಡಾವಳಿ ಪುಸ್ತಕವನ್ನು ಮೊಮ್ಮಗಳಿಗೆ ಒಮ್ಮೆ ತೋರಿಸಬೇಕು ಎಂಬುದು ಅವರ ಆಸೆ. ಮೊಮ್ಮಗಳು ಡಿಗ್ರಿ ಓದುತ್ತಿದ್ದಾಳೆ. ಆ ಪುಸ್ತಕ ಗೋಣಿಚೀಲದಲ್ಲಿದೆಯೋ, ಗೆದ್ದಲು ತಿಂದಿದೆಯೋ, ಬಿಚ್ಚಿ ನೋಡದೆ ಹೇಳುವಂತಿಲ್ಲ. ನಮ್ಮ ಮನವಿಯಲ್ಲಿ ಬೇರೆ ಏನು ಬಿಟ್ಟರೂ ಆ ಪುಸ್ತಕವನ್ನು ಮಾತ್ರ ಹುಡುಕಿಸಿಕೊಡಿ.

1989ರಲ್ಲಿ ಜವಾಹರ್ ರೋಜ್‌ಗಾರ್ ಯೋಜನೆ ಬಂದಾಗ ಕೂಲಿ ಕೆಲಸದ ಹಣ ನೇರವಾಗಿ ಹಳ್ಳಿಯ ಪಂಚಾಯಿತಿಗೆ ಬರತೊಡಗಿತು. ಯಾವ ಊರಿನ ರಸ್ತೆಗೆ ಯಾರು ಮಣ್ಣು ಹೊತ್ತರು, ದಿನಕ್ಕೆ ಎಷ್ಟು ಕೂಲಿ ಪಡೆದರು ಎಂಬುದೆಲ್ಲ ಆ ಎನ್‌.ಎಂ.ಆರ್. ಹಾಳೆಗಳಲ್ಲಿದೆ. ನಮ್ಮ ಅಪ್ಪ ಅಮ್ಮಂದಿರ ಹೆಸರು ಸರ್ಕಾರಿ ಕಾಗದದಲ್ಲಿ ಸಿಗುವುದು ಅಂಥ ಕಡೆಯೇ ಅಲ್ವಾ? ಜಮೀನಿಲ್ಲದವರ ಹೆಸರಿಗೆ ಪಹಣಿ ಇರುವುದಿಲ್ಲ.

ಮಂಡಲದ ಅವಧಿ 1992ರಲ್ಲಿ ಮುಗಿಯಿತು. ಮತ್ತೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. ನಮ್ಮ ಅಭಿಪ್ರಾಯ ಕೇಳಿದರೆ, ಅದು ಸರಿಯಾಗಲಿಲ್ಲ. ಆರಿಸಿ ಬಂದವರು ಕೂರಬೇಕಾದ ಜಾಗ ಸುಮಾರು ಎರಡು ವರ್ಷ ಖಾಲಿ ಇತ್ತು. ಆಮೇಲೆ 1993ರ ಮೇ 10ರಂದು ಹೊಸ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂತು, ಆ ವರ್ಷದ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಯಿತು. ಹೊಸ ಪಂಚಾಯಿತಿಗೆ 5,000ದಿಂದ 7,000 ಜನ ಸಾಕು ಎಂದಾಯಿತು. ಹಾಗಾಗಿ ನಮ್ಮ ಮಂಡಲ ಒಡೆದು ಎರಡು ಪಂಚಾಯಿತಿ ಆದವು.

ಇಲ್ಲಿಂದಲೇ ನಮ್ಮ ತೊಂದರೆಯೂ ಶುರು. ಹಳ್ಳಿಗಳು ಎರಡಾಗಿ ಹಂಚಿಹೋದವು, ಪುಸ್ತಕಗಳು ಮಾತ್ರ ಒಂದೇ ಕಡೆ ಉಳಿದವು. ಈ ಮನವಿಗೆ ಸಹಿ ಹಾಕಿದವರಲ್ಲಿ ಅರ್ಧದಷ್ಟು ಜನ ಪಕ್ಕದ ಪಂಚಾಯಿತಿಯವರು. ಅವರಿಗೆ ಇ-ಸ್ವತ್ತು, ಅಂದರೆ ಮನೆ ಆಸ್ತಿಯ ಕಂಪ್ಯೂಟರ್ ದಾಖಲೆ, ಮಾಡಿಸಲು ಹಳೆಯ ಮನೆ ಕಂದಾಯದ ನಕಲು ಬೇಕು. ಅವರ ಪಂಚಾಯಿತಿಗೆ ಹೋದರೆ "1993ರ ಹಿಂದಿನದು ನಮ್ಮಲ್ಲಿಲ್ಲ" ಎಂಬ ಉತ್ತರ. ಇಲ್ಲಿಗೆ ಬಂದರೆ "ನೀವು ನಮ್ಮ ವ್ಯಾಪ್ತಿಯವರಲ್ಲ" ಎಂಬ ಉತ್ತರ. ಒಬ್ಬ ರೈತರು ಅರಿಶಿನ ಬೇಯಿಸುವ ಕೆಲಸ ಬಿಟ್ಟು ನಾಲ್ಕು ಸಲ ಓಡಾಡಿದ್ದಾರೆ. ಅವರ ತಂದೆ ಕಂದಾಯ ಕಟ್ಟಿದ ರಸೀದಿ ಕೈಯಲ್ಲಿದೆ, ಅದಕ್ಕೆ ತಾಳೆ ನೋಡಲು ರಿಜಿಸ್ಟರ್ ಸಿಗುತ್ತಿಲ್ಲ. ಸಿಬ್ಬಂದಿ ಬೇಕಂತಲೇ ಹೀಗೆ ಮಾಡಿದರು ಎಂದು ನಾವು ಹೇಳುತ್ತಿಲ್ಲ. ಚೀಲ ಬಿಚ್ಚಿ ಹುಡುಕಲು ಅವರಿಗೆ ಪುರುಸೊತ್ತಿಲ್ಲ, ಪಟ್ಟಿಯೂ ಇಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಮೊದಲು, ಪಟ್ಟಿ ಮಾಡದೆ ಒಂದು ಹಾಳೆಯನ್ನೂ ಹೊರಗೆ ಕಳಿಸಬೇಡಿ ಎಂದು ಸಭೆಯಲ್ಲಿ ಠರಾವು ಮಾಡಿ. ರಾಜ್ಯದಲ್ಲಿ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ, ಸರ್ಕಾರಿ ದಾಖಲೆಯನ್ನು ಮನಸ್ಸಿಗೆ ಬಂದಂತೆ ನಾಶ ಮಾಡುವಂತಿಲ್ಲ. ಪಟ್ಟಿ ಆದ ಮೇಲೆ ಕಂದಾಯದ ರಿಜಿಸ್ಟರ್‌ಗಳನ್ನು ಸ್ಕ್ಯಾನ್ ಮಾಡಿಸಿ ಎರಡೂ ಪಂಚಾಯಿತಿಗಳಲ್ಲಿ ಒಂದೊಂದು ಪ್ರತಿ ಇಡಿ. ಪಕ್ಕದ ಪಂಚಾಯಿತಿಗೂ ಈ ಮನವಿಯ ಪ್ರತಿ ಕೊಟ್ಟಿದ್ದೇವೆ, ಖರ್ಚನ್ನು ಇಬ್ಬರೂ ಹಂಚಿಕೊಳ್ಳಬಹುದು. ತೀರಾ ಹಾಳಾದ ಪುಸ್ತಕಗಳನ್ನು ನಾವೇ ಅಂಟು ಹಾಕಿ ಜೋಡಿಸಲು ಹೋಗುವುದು ಬೇಡ. ರಾಜ್ಯ ಪತ್ರಾಗಾರ ಇಲಾಖೆಯ ಕಚೇರಿ ಮೈಸೂರಿನಲ್ಲೂ ಇದೆ, ಅವರಿಗೆ ಒಂದು ಪತ್ರ ಬರೆದು ಸಲಹೆ ಕೇಳಿ.

ನಡಾವಳಿ ಪುಸ್ತಕಗಳ ನಕಲು ನಮ್ಮ ಗ್ರಂಥಾಲಯದಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ, ಯಾರು ಬೇಕಾದರೂ ಓದುವಂತೆ ಇರಲಿ. ಶಾಲೆಯ ಮಕ್ಕಳು ಪೌರನೀತಿ ಪಾಠದಲ್ಲಿ ಪಂಚಾಯಿತಿ ಬಗ್ಗೆ ಓದುತ್ತಾರೆ. ತಮ್ಮದೇ ಊರಿನ ಠರಾವು ಓದಿದರೆ ಪಾಠ ಇನ್ನೂ ಚೆನ್ನಾಗಿ ಹತ್ತುತ್ತದೆ. ಹೊಸ ಕಟ್ಟಡದ ಗೋಡೆಯ ಮೇಲೆ 1987ರಲ್ಲಿ ಆರಿಸಿ ಬಂದ ಎಲ್ಲ ಸದಸ್ಯರ ಹೆಸರನ್ನೂ ಬರೆಸಿ, ಪ್ರಧಾನರದು ಮಾತ್ರ ಅಲ್ಲ. ಆ ಹೆಸರುಗಳು ಚೀಲದಲ್ಲಿ ಸಿಗದಿದ್ದರೆ ಬದುಕಿರುವ ಹಿರಿಯರನ್ನು ಕೇಳಿ ಬರೆದುಕೊಳ್ಳೋಣ. ಅವರಿಗೆಲ್ಲ ವಯಸ್ಸಾಗಿದೆ, ಜಾಸ್ತಿ ದಿನ ಕಾಯುವ ಹಾಗಿಲ್ಲ.

ಕೆಲಸಕ್ಕೆ ಜನ ಬೇಕು ಅನ್ನುವುದು ನಮಗೂ ಗೊತ್ತು. ನಮ್ಮ ಹಳ್ಳಿಗಳ ಹತ್ತು ಮಂದಿ ಓದಿದ ಹುಡುಗ ಹುಡುಗಿಯರು ಎರಡು ಭಾನುವಾರ ಕೂತು ಪಟ್ಟಿ ಬರೆದುಕೊಡಲು ಒಪ್ಪಿದ್ದಾರೆ. ನಿಮ್ಮ ಸಿಬ್ಬಂದಿಯಲ್ಲಿ ಒಬ್ಬರು ಜೊತೆಗಿದ್ದರೆ ಸಾಕು, ಪುಸ್ತಕ ಕಚೇರಿ ಬಿಟ್ಟು ಆಚೆ ಹೋಗುವುದಿಲ್ಲ. ಕಟ್ಟಡ ಕೆಡವುವ ದಿನವನ್ನು ಒಂದು ವಾರ ಮೊದಲು ತಿಳಿಸಿ. ಟ್ರ್ಯಾಕ್ಟರ್, ಟಾರ್ಪಾಲು, ಒಣಗಿದ ಬೇವಿನ ಸೊಪ್ಪು ನಾವೇ ತರುತ್ತೇವೆ. ಬೀರುವನ್ನು ಶಾಲೆಯ ಖಾಲಿ ಕೊಠಡಿಗೆ ಸಾಗಿಸಲು ಮುಖ್ಯ ಶಿಕ್ಷಕರ ಒಪ್ಪಿಗೆಯನ್ನೂ ಪಡೆದಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹಿಂದಿನ ಮಂಡಲ ಪಂಚಾಯಿತಿಯ ಹಳ್ಳಿಗಳ ನಿವಾಸಿಗಳು
(ಸಹಿ ಮತ್ತು ಹೆಬ್ಬೆಟ್ಟಿನ ಹಾಳೆಗಳನ್ನು ಲಗತ್ತಿಸಿದೆ)