ಅಪ್ಪನ ಬಿಪಿ ಮಾತ್ರೆ ನಿಂತಾಗ ಯಾರಿಗೆ ಹೇಳಬೇಕಿತ್ತು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನನ್ನ ಅಪ್ಪ ಬಿಪಿ ಮಾತ್ರೆ ಬಿಟ್ಟಿದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆಮ್ಲೋಡಿಪಿನ್ ಶುರು ಮಾಡಿದ ಮೇಲೆ ಅವರ ಪಾದ ಊದಿಕೊಳ್ಳುತ್ತಿತ್ತು. ಇಷ್ಟಕ್ಕೆಲ್ಲ ಡಾಕ್ಟರ ಹತ್ತಿರ ಯಾಕೆ ಅಂದುಕೊಂಡು ಸುಮ್ನೆ ನಿಲ್ಲಿಸಿಬಿಟ್ಟರು. ತಲೆನೋವಿಲ್ಲ, ಸುಸ್ತಿಲ್ಲ, ಆರಾಮಾಗಿಯೇ ಓಡಾಡಿಕೊಂಡಿದ್ದರು. ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಎಡಗೈ ಮೇಲೇಳಲಿಲ್ಲ. ಪಾರ್ಶ್ವವಾಯು ಹೊಡೆದಿತ್ತು.

ಡಾಕ್ಟರು ಮತ್ತೆ ಬರಹೇಳಿದ್ದು ಆರು ತಿಂಗಳಿಗೆ. ಅವರಿಗೆ ತಿಳಿಯುವುದಾದರೂ ಹೇಗೆ? ಆದರೆ ತಿಂಗಳು ತಿಂಗಳು ಮಾತ್ರೆ ಕೊಡುತ್ತಿದ್ದ ಫಾರ್ಮಸಿಸ್ಟ್ ಗಮನಿಸಿದ್ದರು. ಅಪ್ಪ ಬರುತ್ತಿಲ್ಲವಲ್ಲ ಅಂತ ಅನ್ನಿಸಿಯೂ ಇತ್ತಂತೆ. ಯಾರಿಗೆ ಹೇಳಬೇಕು, ಹೇಳಬಹುದಾ ಅನ್ನೋದೇ ತಿಳಿಯಲಿಲ್ಲ ಎಂದು ಆಮೇಲೆ ನನ್ನ ಮುಂದೆ ನೊಂದುಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೇಳುವ ದಾರಿಯೇ ಇರಲಿಲ್ಲ ಅನ್ನೋದು ನನ್ನ ಸಂಕಟ.

ಬಿಪಿ ಇರುವ ಐವರಲ್ಲಿ ಸುಮಾರು ನಾಲ್ವರಿಗೆ ಸಾಕಷ್ಟು ಚಿಕಿತ್ಸೆ ಸಿಗುತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಒಳ್ಳೆಯ ಮಾತ್ರೆಗಳು ದಶಕಗಳಿಂದ ಇವೆ. ಆದರೂ ಹೀಗಾಗುತ್ತದೆ, ಯಾಕಂದರೆ ಬಿಪಿ ಒಂದು ಸಲ ಚೀಟಿ ಬರೆದರೆ ಮುಗಿಯುವ ಕಾಯಿಲೆ ಅಲ್ಲ. ಡೋಸ್ ಸಾಲದಿದ್ದರೆ ಏರಿಸಬೇಕು. ಎನಾಲಪ್ರಿಲ್‌ನಿಂದ ಒಣಕೆಮ್ಮು ಬಂದರೆ ಬೇರೆ ಮಾತ್ರೆ ಹುಡುಕಬೇಕು. ಮಂಡಿನೋವಿಗೆ ಅಂತ ದಿನಾ ಐಬುಪ್ರೊಫೆನ್ ನುಂಗುವವರಿಗೆ, ಅದೇ ಬಿಪಿ ಏರಿಸುತ್ತಿರಬಹುದು ಅಂತ ಯಾರಾದರೂ ಹೇಳಬೇಕು. ಈ ನೋವಿನ ಮಾತ್ರೆಯ ವಿಷಯ ಡಾಕ್ಟರ ಕಿವಿಗೆ ಬೀಳುವುದೇ ಅಪರೂಪ. ಔಷಧಿ ಕೊಡುವವರ ಕಣ್ಣಿಗೆ ಮಾತ್ರ ಎರಡೂ ಒಟ್ಟಿಗೆ ಬೀಳುತ್ತವೆ.

ಇಬ್ಬರೂ ಕೂಡಿ ನೋಡಿಕೊಂಡಾಗ ಏನಾಗುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಅಯೋವಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 402 ಜನ ಇದ್ದರು. ಡಾಕ್ಟರು, ಫಾರ್ಮಸಿಸ್ಟ್ ಜೊತೆಗೂಡಿ ನೋಡಿಕೊಂಡ ಕಡೆ ಸುಮಾರು 64% ಜನರ ಬಿಪಿ ಹತೋಟಿಗೆ ಬಂತು. ಉಳಿದ ಕಡೆ ಸುಮಾರು 30%. ನನ್ನನ್ನು ಜಾಸ್ತಿ ತಟ್ಟಿದ್ದು 2018ರ ಲಾಸ್ ಏಂಜಲೀಸ್ ಅಧ್ಯಯನ. ಅಲ್ಲಿ ಫಾರ್ಮಸಿಸ್ಟ್‌ಗಳು ಕಪ್ಪು ಜನಾಂಗದ ಗಂಡಸರನ್ನು ಕ್ಷೌರದಂಗಡಿಗಳಲ್ಲೇ ಭೇಟಿ ಮಾಡಿದರು. ಅವರ ಡಾಕ್ಟರ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡು ಔಷಧಿ ಬರೆದುಕೊಟ್ಟರು. ಆರು ತಿಂಗಳಲ್ಲಿ ಮೇಲಿನ ಬಿಪಿ ಸರಾಸರಿ 27 ಅಂಕ ಇಳಿಯಿತು. ಡಾಕ್ಟರ ಹತ್ತಿರ ಹೋಗಿ ಅಂತ ಬರೀ ಬುದ್ಧಿ ಹೇಳಿಸಿಕೊಂಡವರದ್ದು ಇಳಿದದ್ದು 9 ಅಂಕ.

ಹಾಗಂತ ಫಾರ್ಮಸಿಸ್ಟ್‌ಗಳೇ ಡಾಕ್ಟರಾಗಲಿ ಅಂತ ನಾನು ಕೇಳುತ್ತಿಲ್ಲ. ರೋಗ ಗುರುತಿಸೋದು, ತೊಡಕಿನ ಕೇಸು ನೋಡೋದು ಡಾಕ್ಟರ ಕೆಲಸವೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಕೂಡ ಅಷ್ಟನ್ನೇ ಹೇಳುತ್ತದೆ: ಸರಿಯಾದ ತರಬೇತಿ, ಔಷಧಿ ಬರೆಯುವ ಅಧಿಕಾರ, ಲಿಖಿತ ನಿಯಮ, ಡಾಕ್ಟರ ಮೇಲ್ವಿಚಾರಣೆ ಇದ್ದರೆ ಫಾರ್ಮಸಿಸ್ಟ್‌ಗಳೂ ಬಿಪಿ ಚಿಕಿತ್ಸೆ ನೀಡಬಹುದು.

ಒಂದು ಅನುಮಾನ ಮಾತ್ರ ನನಗೂ ಇದೆ. ಮಾತ್ರೆ ಮಾರುವವರೇ ಡೋಸ್ ಏರಿಸಿದರೆ ಅದರಲ್ಲಿ ಅವರ ಲಾಭವೂ ಇರುತ್ತದೆ ಅಲ್ವಾ? ಈ ಭಯ ಸುಳ್ಳಲ್ಲ. ಅದಕ್ಕೇ ಅವರ ಸಂಬಳ ಮಾರಿದ ಮಾತ್ರೆಯ ಲೆಕ್ಕದಲ್ಲಿ ಇರಬಾರದು. ಬಿಪಿ ಅಳೆದು, ಕೂರಿಸಿ ಮಾತಾಡಿ, ಡಾಕ್ಟರಿಗೆ ವರದಿ ಕಳಿಸಿದ ಕೆಲಸಕ್ಕೆ ದುಡ್ಡು ಕೊಡಿ. ಈಗ ಆ ಕೆಲಸಕ್ಕೆ ಬೆಲೆಯಿಲ್ಲ ಅಂದರೆ ಯಾರಾದರೂ ಯಾಕೆ ಮಾಡುತ್ತಾರೆ ಹೇಳಿ? ಇಬ್ಬರೂ ಒಂದೇ ದಾಖಲೆ ನೋಡುವಂತಾಗಲಿ. ಯಾವಾಗ ಎಷ್ಟು ಡೋಸ್ ಬದಲಾಯಿಸಬಹುದು, ಯಾವಾಗ ಡಾಕ್ಟರಿಗೆ ಒಪ್ಪಿಸಲೇಬೇಕು ಅನ್ನೋದು ಬರಹದಲ್ಲಿರಲಿ.

ಇದಕ್ಕೆಲ್ಲ ಸಮಯ ಬೇಕು, ಗೊತ್ತು. ಆದರೆ ಒಂದು ಕೆಲಸಕ್ಕೆ ಅಷ್ಟು ಕಾಯಬೇಕಿಲ್ಲ. ರೋಗಿಯ ಒಪ್ಪಿಗೆ ಮೊದಲೇ ಪಡೆದಿಟ್ಟುಕೊಂಡು, ಮಾತ್ರೆ ಮುಗಿದು ಒಂದು ವಾರವಾದರೂ ಅವರು ಬರದಿದ್ದರೆ ಫಾರ್ಮಸಿಸ್ಟೇ ರೋಗಿಗೂ ಡಾಕ್ಟರಿಗೂ ಫೋನ್ ಮಾಡುವ ವ್ಯವಸ್ಥೆ ತನ್ನಿ. ದಯವಿಟ್ಟು ಅದನ್ನು ಮೊದಲು ಮಾಡಿ.

ಇಂತಿ,
ಬಿಪಿ ರೋಗಿಯೊಬ್ಬರ ಮಗಳು